ಪೆಟ್ಟಿಗೆಯ ಒಳಬದಿಯ ಉಬ್ಬು

ಔಷಧದ ಸಣ್ಣ ಪೆಟ್ಟಿಗೆಯೊಂದರ ಅಂಟು ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಒಳಬದಿಯ ಮಡಿಕೆಯ ಮೇಲೆ ಬೆರಳಾಡಿಸಿದರೆ ದಾರದಂತಹ ಒಂದು ಉಬ್ಬು ತಾಗುತ್ತದೆ. ಪ್ಯಾಕೇಜಿಂಗ್ ಮುದ್ರಣದ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ, ಬಣ್ಣಕ್ಕೆ ತೋರುವ ಕಾಳಜಿಯಲ್ಲಿ ಅರ್ಧದಷ್ಟನ್ನಾದರೂ ಈ ಉಬ್ಬಿಗೆ ತೋರಬೇಕೆಂದು ನನಗೆ ಬಲವಾಗಿ ಅನ್ನಿಸಿದೆ.

ಮುದ್ರಣದ ವಿಧಾನವನ್ನು ಆರಿಸುವುದು ಹೆಚ್ಚು ಕಷ್ಟವಲ್ಲ. ತೆಳುರಟ್ಟಿನ ಪೆಟ್ಟಿಗೆಗೆ ಸಾಮಾನ್ಯವಾಗಿ ಆಫ್‌ಸೆಟ್, ಲೇಬಲ್ಲು ಮತ್ತು ಪ್ಲಾಸ್ಟಿಕ್ ಫಿಲ್ಮಿಗೆ ಫ್ಲೆಕ್ಸೋ (ಬಾಗುವ ಉಬ್ಬು ಪ್ಲೇಟಿನ ಮುದ್ರಣ), ಪ್ರತಿಗಳು ತೀರಾ ಕಡಿಮೆಯಿದ್ದರೆ ಡಿಜಿಟಲ್. ಒಂದೇ ವಿನ್ಯಾಸವನ್ನು ಅತಿ ಹೆಚ್ಚು ಪ್ರಮಾಣದಲ್ಲಿ ಮುದ್ರಿಸುವಾಗ ಗ್ರಾವ್ಯೂರ್ ಹೊಂದುತ್ತದೆ, ಏಕೆಂದರೆ ತಾಮ್ರದ ಲೇಪದಲ್ಲಿ ಚಿತ್ರವನ್ನು ಕೊರೆದು ಮೇಲೆ ಕ್ರೋಮ್ ಹೊದಿಸಿದ ಅದರ ಸಿಲಿಂಡರುಗಳು ದುಬಾರಿಯಾದರೂ ಬಹುಕಾಲ ಬಾಳುತ್ತವೆ.

ಹಾಳೆಯು ಪೆಟ್ಟಿಗೆಯಾಗುವುದು ಮುದ್ರಣದ ನಂತರ. 1879ರಲ್ಲಿ ನ್ಯೂಯಾರ್ಕ್‌ನ ರಾಬರ್ಟ್ ಗೇರ್ ಅವರ ಕಾರ್ಖಾನೆಯಲ್ಲಿ, ಕಾಗದದ ಚೀಲಗಳ ಮೇಲೆ ಮಡಿಕೆಯ ಗೆರೆ ಒತ್ತಬೇಕಿದ್ದ ಲೋಹದ ಪಟ್ಟಿಯು ಜರುಗಿ ಚೀಲಗಳನ್ನೇ ಕತ್ತರಿಸಿತಂತೆ. ಕತ್ತರಿಸುವ ಮತ್ತು ಗೆರೆ ಒತ್ತುವ ಎರಡೂ ಕೆಲಸಗಳನ್ನು ಒಂದೇ ಸಲಕ್ಕೆ ಮುಗಿಸಬಹುದೆಂಬುದು ಅವರಿಗೆ ಹೊಳೆದದ್ದು ಆಗಲೇ. ಹಾಳೆಯನ್ನು ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವ ಅಚ್ಚಾದ ಇಂದಿನ ಡೈಯಲ್ಲಿಯೂ ಪ್ಲೈವುಡ್ಡಿನ ಸೀಳುಗಳಲ್ಲಿ ಹರಿತವಾದ ಕಟಿಂಗ್ ರೂಲುಗಳ (ಲೋಹದ ಪಟ್ಟಿಗಳ) ಪಕ್ಕದಲ್ಲೇ, ಅವಕ್ಕಿಂತ ತುಸು ಗಿಡ್ಡವಾದ ಮೊಂಡುತುದಿಯ ಕ್ರೀಸಿಂಗ್ ರೂಲುಗಳು ನಿಂತಿರುತ್ತವೆ.

ಕ್ರೀಸಿಂಗ್ ರೂಲು ಮುದ್ರಿತ ಬದಿಯಿಂದ ರಟ್ಟನ್ನು ಕೆಳಗಿನ ತಟ್ಟೆಯ ಕಿರಿದಾದ ಕಾಲುವೆಯೊಳಕ್ಕೆ ಒತ್ತಿದಾಗ ರಟ್ಟಿನ ಒಳಪದರಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಮಡಚಿದಾಗ ಆ ಪದರಗಳು ಒಳಕ್ಕೆ ಉಬ್ಬಿ ಹೊರಮೈಯ ಮೇಲಿನ ಎಳೆತವನ್ನು ತಗ್ಗಿಸುತ್ತವೆ. ಒತ್ತಿದ ಹಳ್ಳ ಮಡಿಕೆಯ ಹೊರಬದಿಗೆ ಬರಬೇಕು, ಉಬ್ಬು ಒಳಬದಿಗೆ. ಹೊಸಬರು ಬಹುತೇಕ ಇದನ್ನು ತಿರುವುಮುರುವಾಗಿಯೇ ಊಹಿಸುತ್ತಾರೆ. ಕಾಲುವೆಯ ಅಗಲಕ್ಕೆ ನಾವು ಬಳಸುವ ಲೆಕ್ಕ ಸರಳವಾದದ್ದು: ರಟ್ಟಿನ ದಪ್ಪದ ಒಂದೂವರೆ ಪಟ್ಟು ಅಳತೆಗೆ ರೂಲಿನ ದಪ್ಪವನ್ನು ಕೂಡಿಸಬೇಕು. ಅಂದರೆ 0.4 ಮಿ.ಮೀ. ರಟ್ಟಿಗೆ 0.7 ಮಿ.ಮೀ. ರೂಲು ಹಾಕಿದರೆ ಕಾಲುವೆಯ ಅಗಲ 1.3 ಮಿ.ಮೀ. ಇದು ಆರಂಭದ ಅಳತೆ ಮಾತ್ರ, ನಾರಿನ ದಿಕ್ಕನ್ನು ನೋಡಿಕೊಂಡು ಸ್ವಲ್ಪ ಹೆಚ್ಚುಕಡಿಮೆ ಮಾಡಬೇಕಾಗುತ್ತದೆ. ಕಾಲುವೆ ಕಿರಿದಾದರೆ ಮೇಲ್ಮೈ ಹರಿಯಬಹುದು. ಅಗಲವಾದರೆ ಉಬ್ಬು ಸರಿಯಾಗಿ ಏಳದೆ, ಮಡಚಿದಾಗ ಅಂಚಿನ ಶಾಯಿ ಬಿರಿದು ಬಿಳಿಗೆರೆ ಇಣುಕುತ್ತದೆ. ಗಾಢ ಬಣ್ಣದ ಪೆಟ್ಟಿಗೆಗಳಲ್ಲಿ ಈ ಬಿಳಿಗೆರೆ ಕಣ್ಣಿಗೆ ರಾಚುತ್ತದೆ, ಮತ್ತು ಅದರ ದೂರು ಬರುವುದು ಮಾತ್ರ ಮುದ್ರಣ ವಿಭಾಗಕ್ಕೆ.

ಒಮ್ಮೆ ನನ್ನ ಕೈಯಿಂದಲೇ ದೊಡ್ಡ ತಪ್ಪಾಯಿತು. ಹೊಳಪಿನ ವಾರ್ನಿಷನ್ನು ಇಡೀ ಹಾಳೆಗೆ ಹೊಡೆಯುವಂತೆ ಫೈಲು ಸಿದ್ಧಪಡಿಸಿದ್ದ ನಾನು, ಅಂಟು ಹಚ್ಚುವ ಪಟ್ಟಿಯನ್ನು ಖಾಲಿ ಬಿಡುವುದನ್ನು ಮರೆತಿದ್ದೆ. ಪೇಸ್ಟಿಂಗ್ ಯಂತ್ರದಿಂದ ಹೊರಬಂದಾಗ ಪೆಟ್ಟಿಗೆಗಳು ಚೆನ್ನಾಗಿಯೇ ಕಂಡವು. ಮರುದಿನ ಒಂದನ್ನು ಹಿಡಿದು ತೆರೆದೆ, ಕೂಡುಪಟ್ಟಿಯು ಹರಿಯದೆ, ನಾರು ಕೂಡ ಕೀಳದೆ, ಸಿಪ್ಪೆಯಂತೆ ಸುಲಿದು ಬಂತು. ಸರಿಯಾಗಿ ಹಿಡಿದ ಅಂಟನ್ನು ಬಿಡಿಸಿದರೆ ರಟ್ಟಿನ ನಾರು ಕಿತ್ತು ಬರಬೇಕು. ಇಡೀ ರಾಶಿಯನ್ನು ಮತ್ತೆ ಮುದ್ರಿಸಿದೆವು. ಈಗ ವಾರ್ನಿಷ್ ಪ್ಲೇಟಿನ ನಕ್ಷೆಯನ್ನು ಡೈಯ ನಕ್ಷೆಯ ಮೇಲಿಟ್ಟು, ಆ ಕಿರಿದಾದ ಪಟ್ಟಿ ಖಾಲಿಯಿದೆಯೆಂದು ಕಣ್ಣಾರೆ ಕಂಡ ನಂತರವೇ ಸಹಿ ಹಾಕುತ್ತೇನೆ.