ಪೆಪಾನಿ

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಬಯೋಮೆಡಿಕಲ್ ತಂತ್ರಜ್ಞ. ವೆಂಟಿಲೇಟರ್, ಮಾನಿಟರ್, ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಇವುಗಳ ದುರಸ್ತಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಕೆಟ್ಟ ಯಂತ್ರದ ಮುಂದೆ ಕುಳಿತರೆ ಯಾರನ್ನೂ ಏನನ್ನೂ ಕೇಳದೆ ಸ್ಕ್ರೂ ಬಿಚ್ಚುವುದು ನನ್ನ ಅಭ್ಯಾಸವಾಗಿತ್ತು. ಅದು ತಪ್ಪಿದ್ದು ಆಫ್ರಿಕಾದ ಮಲಾವಿ ದೇಶದಲ್ಲಿ, ಒಂದು ತುಂಡು ಬಟ್ಟೆಯ ಕಾರಣದಿಂದ.

ನಮ್ಮ ಸಭೆಯಿಂದ, ಅಂದರೆ ಚರ್ಚಿನಿಂದ, ಐದು ಜನ 16 ದಿನಗಳ ಸೇವೆಗೆ ಹೊರಟಿದ್ದೆವು: ಒಬ್ಬ ವೈದ್ಯೆ, ಇಬ್ಬರು ನರ್ಸ್‌ಗಳು, ಸಭಾಪಾಲಕರು, ನಾನು. ಮುಂಬೈ, ಅಡಿಸ್ ಅಬಾಬ ದಾಟಿ ಬ್ಲಾಂಟೈರ್. ಅಲ್ಲಿಂದ ಚಹಾ ತೋಟಗಳ ನಡುವಿನ ರಸ್ತೆಯಲ್ಲಿ ಮುಲಾಂಜೆ ಬೆಟ್ಟದ ಕಡೆಗೆ. ಜುಲೈ ತಿಂಗಳು ಅಲ್ಲಿ ಚಳಿಗಾಲ. ಚಿಪೆರೋನಿ ಎಂದು ಅವರು ಕರೆಯುವ ತಣ್ಣನೆಯ ಜಿಟಿಜಿಟಿ ಮಳೆಗೆ ಬೆಟ್ಟ ದಿನಗಟ್ಟಲೆ ಮುಖ ತೋರಿಸುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬಿಡಿಭಾಗಗಳೇ ಹೆಚ್ಚಿದ್ದವು. ಹೊರಡುವ ಮುಂಚಿನ ಭಾನುವಾರ ಸಭಾಪಾಲಕರು ಲೂಕನ ಹತ್ತನೆಯ ಅಧ್ಯಾಯವನ್ನು ಓದಿದ್ದರು. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಹಣದ ಚೀಲ ಬೇಡ, ಹಸಿಬೆ ಬೇಡ, ಮುಂದಿಟ್ಟದ್ದನ್ನು ಉಣ್ಣಿರಿ ಎಂದು ಹೇಳುವ ಭಾಗ. ಕೇಳಿಸಿಕೊಂಡೆ, ಮನೆಗೆ ಬಂದು ಪೆಟ್ಟಿಗೆಗೆ ಇನ್ನೊಂದು ಮಲ್ಟಿಮೀಟರ್ ಸೇರಿಸಿದೆ.

ನಾವು ಹೋದ ಸಭಾ ಆಸ್ಪತ್ರೆಯ ಹಿಂಬದಿಯ ಕೋಣೆಯೊಂದರಲ್ಲಿ ದಾನವಾಗಿ ಬಂದ ಯಂತ್ರಗಳು ಸೂರಿನವರೆಗೆ ಪೇರಿಸಿದ್ದವು. ಮಲಾವಿಯ ವಿದ್ಯುತ್ ನಮ್ಮಂತೆಯೇ 230 ವೋಲ್ಟ್. ಅವುಗಳಲ್ಲಿ ಎಷ್ಟೋ 120 ವೋಲ್ಟ್‌ಗೆ ಮಾಡಿದವು, ಮೊದಲ ದಿನವೇ ಸುಟ್ಟುಹೋಗಿದ್ದವು. ಬಡ ದೇಶಗಳ ಆಸ್ಪತ್ರೆಗಳಲ್ಲಿರುವ ವೈದ್ಯಕೀಯ ಉಪಕರಣಗಳಲ್ಲಿ ಶೇಕಡಾ 40ರಷ್ಟು ಕೆಟ್ಟು ನಿಂತಿವೆ ಎಂದು 2011ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಅದು ನನ್ನ ವೃತ್ತಿಯವರಿಗೆ ಗೊತ್ತಿರುವ ಅಂಕಿ. ಆದರೆ ಕಣ್ಣಾರೆ ಕಂಡಾಗ ಎದೆ ಭಾರವಾಯಿತು. ಕೊಟ್ಟವರೆಲ್ಲರೂ ಪ್ರಾರ್ಥನೆ ಮಾಡಿಯೇ ಕೊಟ್ಟಿದ್ದಿರಬೇಕು. ನಿಮ್ಮಲ್ಲಿ ಕರೆಂಟು ಎಷ್ಟು ವೋಲ್ಟ್ ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಮಕ್ಕಳ ವಾರ್ಡಿನ ಆಕ್ಸಿಜನ್ ಕಾನ್ಸಂಟ್ರೇಟರ್ ಕೂಗಿಕೊಳ್ಳುತ್ತಿತ್ತು. ಕೋಣೆಯ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟು. ಈ ಯಂತ್ರ ಗಾಳಿಯನ್ನು ಒತ್ತಿ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿ, ನೈಟ್ರೋಜನ್ ಅನ್ನು ಹಿಡಿದಿಟ್ಟು, ಶೇಕಡಾ 90ಕ್ಕೂ ಮೇಲ್ಪಟ್ಟ ಆಮ್ಲಜನಕವನ್ನು ಹೊರಗೆ ಬಿಡಬೇಕು. ಅದರ ಪಕ್ಕದಲ್ಲಿ ಪುಮಾನಿ ಇತ್ತು. ಉಸಿರಾಟಕ್ಕೆ ಒದ್ದಾಡುವ ಹಸುಗೂಸುಗಳಿಗೆ ಸಣ್ಣ ಒತ್ತಡದಲ್ಲಿ ಗಾಳಿ ಕೊಡುವ ಅಗ್ಗದ ಯಂತ್ರ ಅದು. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರೂ ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ವೈದ್ಯರೂ ಕೂಡಿ ರೂಪಿಸಿದ್ದು. ಅಲ್ಲಿನ ಚಿಚೇವಾ ಭಾಷೆಯಲ್ಲಿ ಆ ಹೆಸರಿಗೆ ನಿರಾಳವಾಗಿ ಉಸಿರಾಡಿ ಎಂಬ ಅರ್ಥವಿದೆ. ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರಿಯ ಆಮ್ಲಜನಕ ಪಡೆದ ಶಿಶುಗಳಲ್ಲಿ ಶೇಕಡಾ 44ರಷ್ಟು ಬದುಕಿದರೆ ಈ ವಿಧಾನದಲ್ಲಿ ಶೇಕಡಾ 71ರಷ್ಟು ಬದುಕಿದ್ದವು. ಯೋಚಿಸಿ, ನೂರಕ್ಕೆ ಇಪ್ಪತ್ತೇಳು ಕೂಸುಗಳು.

ಕಾನ್ಸಂಟ್ರೇಟರ್‌ನ ಹಿಂದೆ ಒಂದು ಗೇಣು ದೂರದಲ್ಲಿ ಮರದ ಚೌಕಟ್ಟೊಂದು ನಿಂತಿತ್ತು. ಅದಕ್ಕೆ ತೆಳುವಾದ ಹಳೆಯ ಚಿಟೆಂಜೆ, ಅಂದರೆ ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆ, ಬಿಗಿದಿತ್ತು. ನಾನು ಅದನ್ನೆತ್ತಿ ಹೊರಗಿಟ್ಟೆ. ಫಿಲ್ಟರ್, ಜಿಯೋಲೈಟ್ ಕೊಳವೆಗಳು, ಸೋರುತ್ತಿದ್ದ ವಾಲ್ವ್ ಎಲ್ಲವನ್ನೂ ಬದಲಿಸಿದೆ. ಅಳೆದರೆ 94. ವಾರ್ಡಿನ ನರ್ಸ್‌ಗಳು ಚಪ್ಪಾಳೆ ತಟ್ಟಿದರು. ಆಸ್ಪತ್ರೆಯ ದುರಸ್ತಿ ಕೆಲಸವನ್ನೆಲ್ಲ ಒಬ್ಬರೇ ನೋಡಿಕೊಳ್ಳುವ ಹಿರಿಯರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು. ನಾನು ಕೈಕುಲುಕಿ ಮುಂದಿನ ಯಂತ್ರಕ್ಕೆ ಹೋದೆ.

ನಾಲ್ಕನೆಯ ರಾತ್ರಿ ಯಂತ್ರ ಮತ್ತೆ ಕೂಗಿತು. ಆಗ ಅದರ ನಳಿಗೆ ಎಂಟು ತಿಂಗಳ ಕೂಸಿನ ಮೂಗಿನಲ್ಲಿತ್ತು. ನಾನು ಓಡಿಬರುವಷ್ಟರಲ್ಲಿ ಹಿರಿಯರು ಸಿಲಿಂಡರನ್ನು ಉರುಳಿಸಿಕೊಂಡು ಬಂದು ಜೋಡಿಸಿಯಾಗಿತ್ತು. ಆಸ್ಪತ್ರೆಯಲ್ಲಿ ಉಳಿದಿದ್ದ ತುಂಬಿದ ಸಿಲಿಂಡರ್ ಅದೊಂದೇ. ಕೂಸು ಚೇತರಿಸಿಕೊಂಡಿತು. ಯಂತ್ರವನ್ನು ಬಿಚ್ಚಿದೆ: ನಾನು ಹಾಕಿದ್ದ ಹೊಸ ಫಿಲ್ಟರ್ ಮಸಿಯಿಂದ ಕಪ್ಪಾಗಿ ಮುಚ್ಚಿಹೋಗಿತ್ತು.

ಮಲಾವಿಯಲ್ಲಿ ರೋಗಿಯ ಜೊತೆ ಬಂದವರನ್ನು ಗಾರ್ಡಿಯನ್ ಎನ್ನುತ್ತಾರೆ. ಅಡುಗೆ, ಬಟ್ಟೆ ಒಗೆಯುವುದು, ರೋಗಿಗೆ ಸ್ನಾನ ಮಾಡಿಸುವುದು ಎಲ್ಲ ಅವರದೇ. ಅವರ ಅಡುಗೆಯ ಚಪ್ಪರ ಮಕ್ಕಳ ವಾರ್ಡಿನ ಕಿಟಕಿಗೆ ಎದುರಾಗಿತ್ತು. ಸಂಜೆ ಇಪ್ಪತ್ತು ಮೂವತ್ತು ಒಲೆಗಳು ಒಮ್ಮೆಗೇ ಹೊತ್ತುತ್ತವೆ, ಹೊಗೆ ನೇರವಾಗಿ ಒಳಗೆ ಬರುತ್ತದೆ. ಆ ಬಟ್ಟೆಯ ಚೌಕಟ್ಟನ್ನು ಹಿರಿಯರು ಅದಕ್ಕೆಂದೇ ಕಟ್ಟಿದ್ದರು. ಎರಡು ದಿನಕ್ಕೊಮ್ಮೆ ಬಟ್ಟೆಯನ್ನು ಒಗೆದು ಒಣಗಿಸಿ ಮತ್ತೆ ಬಿಗಿಯುತ್ತಿದ್ದರು.

ಕಪ್ಪಾದ ಫಿಲ್ಟರ್ ಹಿಡಿದು ನಿಂತ ನನ್ನ ಭುಜದ ಮೇಲೆ ಅವರು ಕೈಯಿಟ್ಟರು. ‘ಪೆಪಾನಿ, ಅಚಿಮ್ವೆನೆ’ ಎಂದರು. ಅಚಿಮ್ವೆನೆ ಎಂದರೆ ಸಹೋದರ. ಪೆಪಾನಿ ಎಂದರೆ ಕ್ಷಮಿಸಿ. ತಪ್ಪು ನನ್ನದು, ಕ್ಷಮೆ ಅವರದೇ? ಮರುದಿನ ನರ್ಸ್ ಒಬ್ಬರು ವಿವರಿಸಿದರು: ಯಾರಾದರೂ ಎಡವಿ ಬಿದ್ದರೆ ಕಂಡವರು ಪೆಪಾನಿ ಎನ್ನುತ್ತಾರೆ. ಮನೆಯಲ್ಲಿ ಸಾವಾದರೂ ಪೆಪಾನಿ. ನಿನಗಾದ ನೋವಿನಲ್ಲಿ ನಾನೂ ಇದ್ದೇನೆ ಎಂದು ಅರ್ಥ. ಕೃಪೆ ಎಂಬ ಪದವನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ್ದೇನೆ. ಅದು ನನ್ನ ಭುಜದ ಮೇಲೆ ಕುಳಿತದ್ದು ಆ ರಾತ್ರಿ.

ಉಳಿದ ದಿನಗಳಲ್ಲಿ ಅವರನ್ನು ಬಾಂಬೊ, ಅಂದರೆ ಅಪ್ಪ ಎಂದು ಕರೆದು ಅವರ ಸಹಾಯಕನಾಗಿ ದುಡಿದೆ. ಆಟೋಕ್ಲೇವ್ ಮುಚ್ಚಳದ ಗ್ಯಾಸ್ಕೆಟ್ ಸವೆದರೆ ತಿರುವಿ ಹಾಕಿ ಇನ್ನಷ್ಟು ದಿನ ನಡೆಸುವುದು, ಜನರೇಟರ್ ಹಿಡಿದ ಮೇಲೆ ನೂರು ಎಣಿಸಿ ಯಂತ್ರಗಳನ್ನು ಒಂದೊಂದಾಗಿ ಹಚ್ಚುವುದು, ಇವೆಲ್ಲ ಅವರಿಂದ ಕಲಿತವು. ನನಗೆ ಗೊತ್ತಿದ್ದ ವಾಲ್ವ್ ಪರೀಕ್ಷೆಯನ್ನು ಅವರಿಗೆ ತೋರಿಸಿಕೊಟ್ಟೆ. ಮಧ್ಯಾಹ್ನ ಗಾರ್ಡಿಯನ್‌ಗಳ ಚಪ್ಪರದಲ್ಲಿ ಅಜ್ಜಿಯೊಬ್ಬರು ತಂಬಿಗೆಯಿಂದ ನಮ್ಮ ಕೈಗೆ ನೀರು ಹೊಯ್ದು ನ್ಸೀಮಾ ಬಡಿಸುತ್ತಿದ್ದರು. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದು. ಜೊತೆಗೆ ಸೊಪ್ಪು, ಸಣ್ಣ ಒಣಮೀನು. ಅವರ ಪಾಲಿನದ್ದನ್ನೇ ಹಂಚುತ್ತಿದ್ದರು. ಬೇಡವೆನ್ನಲು ನಾಲಿಗೆ ತುದಿಗೆ ಬಂದದ್ದನ್ನು ನುಂಗಿ ಉಂಡೆ.

ಒಂದು ಬೆಳಿಗ್ಗೆ ಆರಾಧನೆಯ ನಂತರ ಬಾಂಬೊ ನನ್ನ ಪ್ರಾರ್ಥನಾ ವಿಷಯವೇನೆಂದು ಕೇಳಿದರು. ಅವರಿಗಾಗಿ ಪ್ರಾರ್ಥಿಸುವ ಪಟ್ಟಿ ನನ್ನ ಕಿಸೆಯಲ್ಲಿತ್ತು, ನನಗಾಗಿ ಏನೂ ಇರಲಿಲ್ಲ. ಮಲಾವಿಯ ಜನರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕ್ರೈಸ್ತರು. ಬ್ಲಾಂಟೈರ್‌ಗೆ ಸ್ಕಾಟ್ಲೆಂಡಿನ ಮಿಷನರಿಗಳು ಬಂದದ್ದು 1876ರಲ್ಲಿ. ಇದು ಗೊತ್ತಿದ್ದೂ, ಕೊಡುವವನು ನಾನು ಎಂದೇ ಹೋಗಿದ್ದೆ. ಕೊನೆಗೆ, ನಮ್ಮ ತಂಡದವರಿಗೂ ಹೇಳದಿದ್ದ ಮಾತನ್ನು ಹೇಳಿದೆ: ಮಗನಿಗೂ ನನಗೂ ಎಂಟು ತಿಂಗಳಿಂದ ಸರಿಯಾಗಿ ಮಾತಿಲ್ಲ. ಅವರು ಚಿಚೇವಾದಲ್ಲಿ ಪ್ರಾರ್ಥಿಸಿದರು. ಮಗನ ಹೆಸರೊಂದು ಬಿಟ್ಟು ಮತ್ತೇನೂ ಅರ್ಥವಾಗಲಿಲ್ಲ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಷನ್ನಿನ ಕಿಟ್ಟೆಲ್ ದಶಕಗಟ್ಟಲೆ ನಮ್ಮ ಮಾತಿಗೆ ಕಿವಿಗೊಟ್ಟ ಮೇಲೆಯೇ 1894ರಲ್ಲಿ ನಿಘಂಟು ಹೊರಬಂದದ್ದು. ಹದಿನಾರು ದಿನಕ್ಕೆ ಹೋಗುವವರಿಗೆ ಅಷ್ಟು ಕಾಲವಿಲ್ಲ. ಹಾಗಾಗಿ ಇನ್ನೂ ಹೆಚ್ಚು ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಈಗ ನಮ್ಮ ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆ ಬಂದರೆ ಮೊದಲು ರಾತ್ರಿ ಪಾಳಿಯ ನರ್ಸ್ ಬಳಿ, ನೆಲ ಒರೆಸುವ ಆಯಮ್ಮನ ಬಳಿ ಮಾತನಾಡುತ್ತೇನೆ. ಮೊನ್ನೆ ಮಾನಿಟರೊಂದು ಪದೇ ಪದೇ ಆರಿಹೋಗುತ್ತಿದ್ದುದು ಯಾವ ಹೊತ್ತಿಗೆಂದು ಆಯಮ್ಮನಿಗೆ ತಿಳಿದಿತ್ತು.

ಬಂದ ಮೇಲೆ ಸಭೆಯಲ್ಲಿ ಸಾಕ್ಷಿ ಹೇಳಲು ಕರೆದರು. ಮಕ್ಕಳನ್ನು ಎತ್ತಿಕೊಂಡು ನಿಂತ ಚಿತ್ರಗಳನ್ನೆಲ್ಲ ತೆಗೆದುಹಾಕಿ, ಬಟ್ಟೆಯ ಚೌಕಟ್ಟಿನ ಚಿತ್ರವೊಂದನ್ನೇ ತೋರಿಸಿ ನಡೆದದ್ದನ್ನು ಹೇಳಿದೆ. ಮುಗಿದ ಮೇಲೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಊರುಗೋಲು ಹಿಡಿದು ಹತ್ತಿರ ಬಂದರು. ‘ಆ ಬಾಂಬೊನ ಹೆಸರು ಹೇಳು ಮಗಾ, ಬರೆದುಕೊಳ್ಳುತ್ತೇನೆ’ ಎಂದರು. ಬೈಬಲಿನ ಕೊನೆಯ ಖಾಲಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಅದರ ಕೆಳಗೆ ನನ್ನ ಮಗನ ಹೆಸರನ್ನೂ ಬರೆದರು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಈಗ ಆ ಎರಡು ಹೆಸರುಗಳು ಒಂದರ ಹಿಂದೊಂದು ಕೇಳಿಬರುತ್ತವೆ.