ನಮ್ಮ ಹಾಲ್‌ಗೆ ಬಂದ ಹಳದಿ

ಹಾಲ್‌ನ ಬಿಳಿ ಗೋಡೆಗೆ ಕೊನೆಗೂ ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿಯ ಚಿತ್ರದ ಪ್ರಿಂಟ್ ಹಾಕಿದೆ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ಸಂಯೋಜಕ ಶೋನ್‌ಬರ್ಗ್‌ನ ಸಂಗೀತ ಕೇಳಿ ಬಂದು ಆತ ಬರೆದದ್ದು. ದೊಡ್ಡ ಕಪ್ಪು ಆಕಾರವೇ ಪಿಯಾನೊ. ಪಕ್ಕದಿಂದ ಹಳದಿ ಉಕ್ಕಿ ಹರಿದಿದೆ. ಕೇಳುಗರು ಬಾಗಿದ ಕೆಲವು ಗೆರೆಗಳು, ಅಷ್ಟೇ. ಎಷ್ಟು ನೋಡಿದರೂ ಸಾಲದು.

ಕಲಬುರಗಿ ಬಿಸಿಲು ಸಾಲದೇನು, ಮನೆಯೊಳಗೂ ಯಾಕೆ ಅಂತ ಅತ್ತೆ ಕೇಳಿದ್ದರು. ನನಗೂ ಅಳುಕಿತ್ತು. ಆದರೆ ನಮ್ಮದು ಶಹಾಬಾದ್ ಕಲ್ಲಿನ ಬೂದು ನೆಲ. ಅದರ ಜೊತೆ ಹಳದಿ ಹಿತವಾಗಿ ಕೂತಿದೆ. ನೇರ ಬಿಸಿಲಿಗೆ ಪ್ರಿಂಟ್ ಮಾಸುತ್ತದೆ, ಹಾಗಾಗಿ ಕಿಟಕಿ ಎದುರು ಬೇಡ ಅಂದೆ.

ನಿನ್ನೆ ಮಧ್ಯಾಹ್ನ ರೇಡಿಯೊದಲ್ಲಿ ಭೀಮಪಲಾಸ್ ರಾಗ ಬರುತ್ತಿತ್ತು. ಅತ್ತೆ ಜೋಳ ಕೇರುತ್ತಾ ಗೋಡೆ ಕಡೆ ನೋಡಿದರು.

"ಆ ಹಳದಿ ತಾನ ಹೊಡದಂಗ ಅದ ನೋಡವ್ವಾ."