ಮೂರು ಮೀಟರ್ ತಾಮ್ರ

ಕಲಬುರಗಿ
ಏಪ್ರಿಲ್ 21, 2024, ಭಾನುವಾರ

ಬೆಳಿಗ್ಗೆ ಎಂಟಕ್ಕೆಲ್ಲ ತಾರಸಿ ಕಾದ ಹಂಚಾಗಿತ್ತು. ಚಪ್ಪಲಿ ಹಾಕಿಕೊಂಡೇ ಹತ್ತಿ, ಅಮ್ಮನ ಹೊಲಿಗೆ ಪೆಟ್ಟಿಗೆಯ ಟೇಪಿನಿಂದ ಎಸಿಯ ತಾಮ್ರದ ಪೈಪನ್ನು ಅಳೆದೆ. ರವಿಕೆ ಅಳೆಯುವ ಟೇಪು ಒಂದೂವರೆ ಮೀಟರಿಗೆ ಮುಗಿದುಹೋಗುತ್ತದೆ. ಮುಗಿದಲ್ಲೆಲ್ಲ ಪೆನ್ನಿನಿಂದ ಗೆರೆ ಎಳೆದು, ಗೋಡೆಯಗುಂಟ ಇಳಿದ ಭಾಗಕ್ಕೆ ಏಣಿ ಹಾಕಿ, ಅಂತೂ ಪೂರೈಸಿದೆ. ನಾಲ್ಕು ಟೇಪು, ಮೇಲೆ ನಲವತ್ತು ಸೆಂಟಿಮೀಟರ್. ಗೋಡೆಯೊಳಗೆ ಅಡಗಿರುವ ಒಂದೂವರೆ ಅಡಿಯನ್ನೂ ಸೇರಿಸಿಯೇ 6.4 ಮೀಟರ್. ಹೋದ ವಾರ ಹೊಸ ಎಸಿ ಕೂರಿಸಿದ ಗುತ್ತಿಗೆದಾರರ ಬಿಲ್ಲಿನಲ್ಲಿರುವುದು ಏಳು.

ಬಿಲ್ಲೆಂದರೆ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಪೈಪು 7 ಮೀಟರಿಗೆ 850ರಂತೆ 5,950. ಜೋಡಣೆ 1,500. ಸ್ಟ್ಯಾಂಡು 800. ಗೋಡೆಗೆ ರಂಧ್ರ 1,000. ಒಟ್ಟು 9,250. ಆರು ಸಾವಿರವನ್ನು ಅಂದೇ ಕೊಟ್ಟಿದ್ದೆ. ಉಳಿದದ್ದನ್ನು ನಾಲ್ಕು ದಿನ ಎಸಿ ಓಡಿದ ಮೇಲೆ ಕೊಡುತ್ತೇನೆ ಎಂದಿದ್ದೆ. ಜಾಣತನದಿಂದಲ್ಲ, ಅಂದು ಕೈಯಲ್ಲಿ ಅಷ್ಟೇ ಇತ್ತು.

ಹೋದ ಭಾನುವಾರ ಅಂಬೇಡ್ಕರ್ ಜಯಂತಿ. ರಜೆಯ ದಿನವೂ ಬಂದರಲ್ಲ ಎಂದು ಸಂತೋಷಪಟ್ಟವಳು ನಾನೇ. ನಮ್ಮದು ಮಾವನವರ ಕಾಲದ ಕಲ್ಲಿನ ಮನೆ, ನೆಲಕ್ಕೆ ಶಹಾಬಾದ್ ಕಲ್ಲು. ಗೋಡೆ ಕೊರೆಯಲು ಎರಡು ತಾಸು ಹಿಡಿಯಿತು. ಯಂತ್ರ ಹಿಡಿದ ಹುಡುಗನ ರೆಪ್ಪೆಯೂ ಬಿಳಿಯಾಗಿತ್ತು. ಅತ್ತೆಗೆ ಬೇರೆಯೇ ಚಿಂತೆ: "ಒಂದೂವರೆ ಟನ್ ಅನ್ನುತ್ತೀಯಲ್ಲ, ಗೋಡೆ ತಡೆಯುತ್ತದೆಯೇ?" ಅದು ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೆಯೋ ಅದರ ಅಳತೆ ಎಂದು ಹೇಳಿದೆ. "ಹಾಗಾದರೆ ಮಂಜುಗಡ್ಡೆಯನ್ನೇ ತರಬಹುದಿತ್ತು" ಎಂದರು. ಅವರಿಗೆ ಕೂಲರೇ ಸಾಕು. ನಮ್ಮ ಊರಿನ ಒಣ ಸೆಕೆಗೆ ಅದು ನಿಜವಾಗಿಯೂ ಒಗ್ಗುತ್ತದೆ, ಆದರೆ ಹಾಗೆಂದು ಅವರೆದುರು ಒಪ್ಪಿಕೊಳ್ಳಲು ನಾನು ಸಿದ್ಧಳಿಲ್ಲ.

ಮೂರು ದಿನ ಕೋಣೆ ಮಲೆನಾಡಾಗಿತ್ತು. ಗುರುವಾರ ಎಸಿಯ ಕೆಳಗೆ ಶಹಾಬಾದ್ ಕಲ್ಲು ಅಂಗೈಯಷ್ಟು ಕಪ್ಪಾಯಿತು. ನೀರು ತಾಕಿದರೆ ಈ ಕಲ್ಲು ಮೊದಲು ಬಣ್ಣದಲ್ಲೇ ಹೇಳುತ್ತದೆ. ಶುಕ್ರವಾರ ಬಕೆಟ್ ಇಟ್ಟೆ. ಶನಿವಾರ ಎಸಿಯಿಂದ ಬರುತ್ತಿದ್ದುದು ಬರೀ ಗಾಳಿ. ಮೂರು ಸಲ ಕರೆ ಮಾಡಿದೆ, ಮೂರು ಸಲವೂ "ನಾಳೆ". ನಾಲ್ಕನೆಯ ಸಲ, ಬಾಕಿ ಹಣ ತೆಗೆದಿಟ್ಟಿದ್ದೇನೆ ಎಂದೆ. ಇಂದು ಹನ್ನೊಂದಕ್ಕೆ ಹಾಜರಾದರು.

ಬಂದವರೇ ಕೇಳಿದ್ದು, "ಸಾಹೇಬರು ಇಲ್ಲವೇ? ಅವರ ಜೊತೆ ಮಾತನಾಡುತ್ತೇನೆ."

"ಸಾಹೇಬರು ಚುನಾವಣೆಯ ತರಬೇತಿಗೆ ಹೋಗಿದ್ದಾರೆ. ಪೈಪು ಅಳೆದವಳು ನಾನು."

ಹೊಲಿಗೆ ಟೇಪನ್ನು ನೋಡಿ ನಕ್ಕರು. ತಿರುವಿನಲ್ಲಿ, ತುದಿ ಕತ್ತರಿಸುವಲ್ಲಿ ಅರ್ಧ ಮೀಟರ್ ವ್ಯರ್ಥವಾಗುತ್ತದೆ ಅಕ್ಕಾ ಎಂದರು. ಇರಲಿ, ಐನೂರ ಹತ್ತು ರೂಪಾಯಿಯ ಮಾತು. ನನ್ನ ನಿಜವಾದ ಪ್ರಶ್ನೆ ಬೇರೆ ಇತ್ತು. ಎಸಿಯ ಪೆಟ್ಟಿಗೆಯಲ್ಲೇ ಮೂರು ಮೀಟರ್ ಪೈಪು ಬಂದಿತ್ತು. ಹೊರಗಿನ ಯೂನಿಟ್ಟಿನಿಂದ ಒಳಗಿನದರವರೆಗೆ ನಡುವೆ ಎಲ್ಲಿಯೂ ಬೆಸುಗೆ ಇಲ್ಲ, ಒಂದೇ ಹೊಸ ಪೈಪು. ಹಾಗಾದರೆ ಪೆಟ್ಟಿಗೆಯದು ಎಲ್ಲಿ?

"ನಡುವೆ ಬೆಸುಗೆ ಹಾಕಿದರೆ ಅಲ್ಲಿಂದಲೇ ಸೋರುತ್ತದೆ. ನಿಮ್ಮ ಒಳ್ಳೆಯದಕ್ಕೇ ಒಂದೇ ಪೈಪು ಹಾಕಿದ್ದು."

ಈ ಮಾತು ಸರಿಯೇ. ಕೀಲು ಕಡಿಮೆಯಾದಷ್ಟೂ ಸೋರಿಕೆ ಕಡಿಮೆ. ಕೆಲಸ ಬಲ್ಲವರು ಹೇಳುವ ಮಾತು, ನಾನೂ ಒಪ್ಪಿದೆ. ಆದರೆ ನನ್ನ ಒಳ್ಳೆಯದಕ್ಕಾಗಿ ಉಳಿದ ತಾಮ್ರ ನನ್ನ ಮನೆಯಲ್ಲಿರಬೇಕಿತ್ತಲ್ಲ! ಅವರು ಹುಡುಗನತ್ತ ನೋಡಿದರು. ಹುಡುಗ ಶಹಾಬಾದ್ ಕಲ್ಲನ್ನು ನೋಡಿದ.

ತಾರಸಿಗೆ ಕರೆದೊಯ್ದೆ. ಹೊರಗಿನ ಯೂನಿಟ್ಟಿನ ಹಿತ್ತಾಳೆ ನಟ್ಟಿನ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ನಾನೇ ಹಚ್ಚಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ, ಅದು ಮೆಣಸಿನ ಕಾಳಾಯಿತು, ಕಡಲೆಯಾಯಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಮೂವರೂ ಬಿಸಿಲಲ್ಲಿ ನಿಂತು ಗುಳ್ಳೆ ನೋಡುತ್ತಿದ್ದೆವು.

"ವ್ಯಾಕ್ಯೂಮ್ ಮಾಡಿದ್ದಿರಾ?" ಎಂದೆ. ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೀರಿ ತೆಗೆಯುವ ಕೆಲಸ ಅದು. ಮಾಡಿದ್ದೆವು ಎಂದರು. ಅಂದು ಅವರ ಚೀಲದಿಂದ ಪಂಪು ಹೊರಬಂದದ್ದನ್ನು ನಾನು ನೋಡಲಿಲ್ಲ. ನೋಡಿದ್ದು ವಾಲ್ವು ತಿರುಗಿಸುವ ಒಂದು ಕೀಲಿ, ಕೇಳಿದ್ದು "ಸುಸ್" ಎಂಬ ಸದ್ದು. ಯೂನಿಟ್ಟಿನಲ್ಲಿ ತುಂಬಿ ಬಂದ ಗ್ಯಾಸನ್ನೇ ಒಂದಿಷ್ಟು ಬಿಟ್ಟು ಪೈಪಿನ ಗಾಳಿಯನ್ನು ಹೊರದಬ್ಬುವ ಅಡ್ಡದಾರಿ ಅದು. ಗ್ಯಾಸೂ ಹೋಗುತ್ತದೆ, ಒಳಗೆ ತೇವವೂ ಉಳಿಯುತ್ತದೆ. ಪಂಪು ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ಕಾಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ನಿನ್ನೆ ರಾತ್ರಿ, ಸೆಕೆಯಲ್ಲಿ ನಿದ್ದೆ ಬಾರದೆ ಎಸಿಯ ಜೊತೆ ಬಂದ ಪುಸ್ತಿಕೆ ಓದುತ್ತ ಕುಳಿತಾಗ. ಒಳಗಿರುವುದು ಆರ್-32. ಬೆಂಕಿಗೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸು ಎಂಬುದನ್ನು ಓದಿದ ಮೇಲಂತೂ ನಿದ್ದೆ ಪೂರ್ತಿ ಹೋಯಿತು.

ನೀರಿನ ವಿಷಯ ಬೇಗ ಮುಗಿಯಿತು. ಕಲ್ಲು ಮಣಿಯದ ಕಡೆ ರಂಧ್ರ ಒಳಗಿನ ಕಡೆಗೇ ಇಳಿಜಾರಾಗಿತ್ತು. ಹೊರಗೆ ಹೋಗಬೇಕಾದ ನೀರು ಒಳಗೆ ಬಾರದೆ ಇನ್ನೇನು ಮಾಡೀತು? ಹುಡುಗ ಮತ್ತೆ ಒಂದು ತಾಸು ಕೊರೆದ. ಈ ಸಲ ಲೋಟದಿಂದ ನೀರು ಹೊಯ್ದು, ಹೊರಗಿನ ತೆಂಗಿನ ಬುಡಕ್ಕೆ ಬಿದ್ದದ್ದನ್ನು ನೋಡಿಯೇ ಬಿಟ್ಟೆ.

ಗ್ಯಾಸ್ ತುಂಬಲು ಇನ್ನೂ ಮೂರು ಸಾವಿರ ಕೇಳಿದರು. ನಾನು 1915 ಎಂದೆ. ಗ್ರಾಹಕರ ಸಹಾಯವಾಣಿ. ಐದು ಲಕ್ಷದೊಳಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ ಎಂದೂ ಹೇಳಿದೆ. ಅವರು ಅಷ್ಟೇನೂ ಬೆದರಲಿಲ್ಲ. ಬೆದರಿದ್ದು 3,250 ರೂಪಾಯಿ ನನ್ನ ಬಳಿಯೇ ಉಳಿದಿದೆಯಲ್ಲ, ಅದಕ್ಕೆ. ಕೊನೆಗೆ ಅದೇ ಹರಿದ ಹಾಳೆಯ ಹಿಂಬದಿಯಲ್ಲಿ ಬರೆಸಿಕೊಂಡೆ: ಮಂಗಳವಾರ ನಟ್ಟು ಬಿಚ್ಚಿ, ಪೈಪಿನ ತುದಿಯನ್ನು ಮತ್ತೆ ಅರಳಿಸಿ, ಪಂಪು ಹಚ್ಚಿ, ಗ್ಯಾಸ್ ತೂಕ ಮಾಡಿ ತುಂಬುವುದು, ಅವರ ಖರ್ಚಿನಲ್ಲಿ. ಪೆಟ್ಟಿಗೆಯ ಪೈಪು ಇಂದೇ ವಾಪಸು. ಸಹಿ, ತಾರೀಖು. ಸಹಿ ಮಾಡುತ್ತ, "ಅಕ್ಕ ಶಾಲೆಯಲ್ಲಿ ಟೀಚರಾ?" ಎಂದರು. ಅಲ್ಲ. ಆದರೆ ಅಲ್ಲವೆಂದು ಹೇಳಲಿಲ್ಲ.

ಸಂಜೆ ಏಳಕ್ಕೆ ಹುಡುಗ ಒಬ್ಬನೇ ಬಂದ. ಸೈಕಲ್ಲಿನ ಹ್ಯಾಂಡಲಿಗೆ ತಾಮ್ರದ ಸುರುಳಿ. ಮಜ್ಜಿಗೆ ಕೊಟ್ಟೆ, ನಿಂತೇ ಎರಡು ಲೋಟ ಕುಡಿದ. ಅವನು ಹೋದ ಮೇಲೆ ಸುರುಳಿ ಬಿಡಿಸಿ ಅಳೆದೆ. 2.6 ಮೀಟರ್.

ಅತ್ತೆ ಆಗಲೇ ಕೂಲರಿಗೆ ನೀರು ತುಂಬುತ್ತಿದ್ದರು. ಇನ್ನೊಂದು ಕೊಡ ನಾನು ತಂದುಕೊಟ್ಟೆ.